ಬೌಲ್ಡರ್ ಒತ್ತೆಪತ್ರ: ಪದಪಟ್ಟಿ ಮುಗಿಯಿತು, ‘ನಾಳೆ’ ಬಾಕಿ

1996ರ ಡಿಸೆಂಬರ್ 26ರ ನಸುಕಿನಲ್ಲಿ, ಅಮೆರಿಕದ ಕೊಲರಾಡೊ ರಾಜ್ಯದ ಬೌಲ್ಡರ್‌ನ ಮನೆಯೊಂದರ ಹಿಂಬದಿ ಮೆಟ್ಟಿಲ ಮೇಲೆ ಮೂರು ಹಾಳೆಯ ಪತ್ರ ಸಿಕ್ಕಿತು. ಆರು ವರ್ಷದ ಜಾನ್‌ಬೆನೆ ರಾಮ್ಸೆ ನಮ್ಮ ವಶದಲ್ಲಿದ್ದಾಳೆ, 1,18,000 ಡಾಲರ್ ಕೊಡಿ ಎಂಬುದು ಅದರ ಸಾರ. ಅದೇ ಮಧ್ಯಾಹ್ನ ಮಗುವಿನ ಶವ ಆ ಮನೆಯ ನೆಲಮಾಳಿಗೆಯಲ್ಲೇ ಸಿಕ್ಕಿತು. ಪ್ರಕರಣ ಇನ್ನೂ ಬಗೆಹರಿದಿಲ್ಲ. ಇಂಗ್ಲಿಷ್‌ನಲ್ಲಿರುವ ಆ ಪತ್ರದ ಪದಗಳನ್ನು ನಕಲು ಮಾಡಿ, ಎಣಿಸಿ ನೋಡುವ ಕೆಲಸ ಇದು. ಪತ್ರ ಬರೆದವರು ಯಾರು ಎಂದು ಊಹಿಸುವುದು ಇದರ ಭಾಗವಲ್ಲ. ಹಾಳೆಯ ಮೇಲಿರುವುದನ್ನು ಮೊದಲು ಸರಿಯಾಗಿ ಓದಬೇಕು, ಅಷ್ಟೇ.

ನಕಲು

ಟೈಪ್ ಮಾಡಿ ಹಂಚಿಕೊಂಡಿರುವ ಪ್ರತಿಗಳನ್ನು ಬದಿಗಿಟ್ಟು, ಸಾರ್ವಜನಿಕವಾಗಿ ಸಿಗುವ ಹಾಳೆಗಳ ಚಿತ್ರಗಳಿಂದಲೇ ಹೊಸದಾಗಿ ನಕಲು ಮಾಡಲಾಗಿದೆ. ಮೂಲದ ಒಂದು ಸಾಲಿಗೆ ಇಲ್ಲಿಯೂ ಒಂದೇ ಸಾಲು, ಪಕ್ಕದಲ್ಲಿ ಪುಟ ಮತ್ತು ಸಾಲಿನ ಸಂಖ್ಯೆ. ಹೊಡೆದುಹಾಕಿದ ಪದ, ಆಮೇಲೆ ಸೇರಿಸಿದ ಪದ, ಅನುಮಾನದ ಅಕ್ಷರ, ಅನುಮಾನದ ಜಾಗ, ಈ ನಾಲ್ಕಕ್ಕೂ ಬೇರೆ ಬೇರೆ ಗುರುತು. ಇಬ್ಬರು ಪ್ರತ್ಯೇಕವಾಗಿ ನಕಲು ಮಾಡಿ ಆಮೇಲೆ ತಾಳೆ ನೋಡಬೇಕು. ಕಾಗುಣಿತ ತಿದ್ದುವ ಸೌಲಭ್ಯವನ್ನು ಶುರುವಿನಲ್ಲೇ ಆಫ್ ಮಾಡದಿದ್ದರೆ ಕೆಲಸವೇ ಹಾಳು: ಪತ್ರದ ಆರಂಭದಲ್ಲಿ ‘ಬಿಸಿನೆಸ್’ ಪದಕ್ಕೆ ಒಂದು ‘ಎಸ್’ ಹೆಚ್ಚಿದೆ, ‘ಪೊಸೆಷನ್’ ಪದಕ್ಕೆ ಒಂದು ಕಡಿಮೆ. ತಂತ್ರಾಂಶ ಇವೆರಡನ್ನೂ ಸದ್ದಿಲ್ಲದೆ ಸರಿಪಡಿಸಿಬಿಡುತ್ತದೆ. ಮುಂದೆ ಬರುವ ‘ಡೀವಿಯೇಷನ್’, ‘ಸ್ಕ್ರೂಟಿನಿ’, ‘ಕೌಂಟರ್‌ಮೆಷರ್ಸ್’ ಥರದ ಕಷ್ಟದ ಪದಗಳೆಲ್ಲ ತಪ್ಪಿಲ್ಲದೆ ಬಂದಿವೆ. ಹಾಗಾಗಿ ಆ ಎರಡು ತಪ್ಪುಗಳನ್ನು ಕಳೆದುಕೊಳ್ಳುವಂತಿಲ್ಲ.

ಎಣಿಕೆ

ಒಟ್ಟು ಸುಮಾರು 370 ಪದ. ಅಂಕಿ, ಸಂಕ್ಷೇಪ, ಬಿಡಿಸಿ ಬರೆದ ಜೋಡಿಪದಗಳನ್ನು ಹೇಗೆ ಎಣಿಸುತ್ತೀರಿ ಎಂಬುದರ ಮೇಲೆ ಇದು ಹಿಂದೆಮುಂದೆ ಆಗುತ್ತದೆ.

‘ವಿ’ 7, ‘ಅವರ್’ 3, ‘ಅಸ್’ 3. ‘ಐ’ 3, ‘ಮೈ’ 1. ಅಂದರೆ ‘ನಾವು’ ಬಳಗ 13 ಸಲ, ‘ನಾನು’ ಬಳಗ 4 ಸಲ. ಮೊದಲ ಸುತ್ತಿನಲ್ಲಿ ‘ಐ’ 4 ಎಂದು ಬಂದಿತ್ತು. ಕಾರಣ, ಪದ ಒಡೆಯುವ ಸ್ಕ್ರಿಪ್ಟ್ ಚುಕ್ಕಿ ಕಂಡಲ್ಲೆಲ್ಲ ಕತ್ತರಿಸುತ್ತಿತ್ತು, ‘ಎಫ್.ಬಿ.ಐ.’ಯ ಕೊನೆಯ ಅಕ್ಷರ ಸರ್ವನಾಮವಾಗಿ ಲೆಕ್ಕಕ್ಕೆ ಸೇರಿತು. ಸಂಕ್ಷೇಪಗಳನ್ನು ಮೊದಲೇ ಒಂದೇ ಪದವಾಗಿ ಕಟ್ಟಿಟ್ಟರೆ ಈ ತೊಂದರೆ ಇಲ್ಲ. ಇಷ್ಟು ಚಿಕ್ಕ ಪಠ್ಯದಲ್ಲಿ ಒಂದು ಪದದ ತಪ್ಪೂ ಭಾರವೇ.

ಎಣಿಕೆಗಿಂತ ಜಾಗ ಮುಖ್ಯ. ‘ಇನ್‌ಸ್ಟ್ರಕ್ಷನ್ಸ್’ ಪದ ಮೂರು ಸಲ ಬರುತ್ತದೆ: ಮೊದಲು ‘ನಮ್ಮ’ ಸೂಚನೆ, ಆಮೇಲೆ ‘ನನ್ನ’ ಸೂಚನೆ, ಕೊನೆಗೆ ಮತ್ತೆ ‘ನಮ್ಮ’. ಗುಂಪಿನ ಹೆಸರಲ್ಲಿ ಶುರುವಾದ ದನಿ, ಫೋನ್ ಮಾಡುವ ಮತ್ತು ಬುದ್ಧಿ ಹೇಳುವ ಜಾಗ ಬಂದಾಗ ಒಬ್ಬರದಾಗುತ್ತದೆ. ಒಬ್ಬರೇ ಇದ್ದರು ಎನ್ನುವುದಕ್ಕೆ ಇದು ಸಾಕ್ಷಿ ಆಗುವುದಿಲ್ಲ. ಗುಂಪಿನ ಪರವಾಗಿ ಮಾತಾಡುವವರೂ ಹೀಗೆ ಜಾರುತ್ತಾರೆ. ಇನ್ನೊಂದು: ‘ಮಿಸ್ಟರ್ ರಾಮ್ಸೆ’ ಎಂದು ಶುರುವಾಗುವ ಪತ್ರ ಕೊನೆಯ ಭಾಗದಲ್ಲಿ ಮೂರು ಸಲ ‘ಜಾನ್’ ಎಂದು ಮಗುವಿನ ತಂದೆಯನ್ನು ಹೆಸರಿಡಿದು ಕರೆಯುತ್ತದೆ. ‘ನಿನ್ನ ಮಗಳು’ ಆರು ಸಲ. ಮಗುವಿನ ಹೆಸರು ಒಂದು ಸಲವೂ ಇಲ್ಲ. ಪಟ್ಟಿಯಲ್ಲಿ ಅತಿ ಹೆಚ್ಚು ನೋಯಿಸುವ ಖಾಲಿ ಮನೆ ಅದು.

ಹೊಡೆದುಹಾಕಿದ ಪದ

ಹಣ ಬೇಗ ತಂದರೆ ಬೇಗ ಕರೆ ಮಾಡುತ್ತೇವೆ ಎನ್ನುವ ವಾಕ್ಯ ಪತ್ರದಲ್ಲೇ ಅತಿ ತೊಡಕಿನದು. ‘ಅರ್ಲಿ’, ‘ಅರ್ಲಿಯರ್’ ಸೇರಿ ಅದೊಂದರಲ್ಲೇ ನಾಲ್ಕು ಸಲ. ಹಣಕ್ಕೆ ‘ಡೆಲಿವರಿ’ ಎಂದು ಬರೆದ ಕೈ ಮಗಳಿಗೂ ಅದೇ ಪದ ಬರೆದು, ಹೊಡೆದುಹಾಕಿ ‘ಪಿಕ್-ಅಪ್’ ಎಂದು ಮುಂದುವರಿಸುತ್ತದೆ. ತಿದ್ದುಪಡಿ ಸಾಲಿನ ಮೇಲಿಲ್ಲ, ಸಾಲಿನಲ್ಲೇ ಮುಂದೆ ಇದೆ. ಅಂದರೆ ಬರೆಯುತ್ತಿದ್ದಾಗಲೇ ಆದದ್ದು. ಯೋಚಿಸುತ್ತಾ ಬರೆದರು ಎನ್ನಲು ಇದನ್ನು ಬಳಸುವುದುಂಟು. ಆದರೆ ಕರಡು ನೋಡಿ ನಕಲು ಮಾಡುವವರ ಕಣ್ಣೂ ಹಿಂದಿನ ಪದಕ್ಕೆ ಹಾರಿ ಇದೇ ತಪ್ಪು ಮಾಡಿಸುತ್ತದೆ. ‘ಇಬ್ಬರಿಗೆ ನಿನ್ನನ್ನು ಕಂಡರೆ ಅಷ್ಟಾಗಿ ಆಗದು’ ಎನ್ನುವಲ್ಲಿ ‘ನಾಟ್’ ಬಿಟ್ಟುಹೋಗಿ ಆಮೇಲೆ ಮೇಲೆ ಸೇರಿದೆ. ಅದಕ್ಕೂ ಇದೇ ಎರಡು ವಿವರಣೆ ಹೊಂದುತ್ತವೆ. ಎರಡನ್ನೂ ‘ತೀರ್ಮಾನವಿಲ್ಲ’ ಕಾಲಂನಲ್ಲಿ ಇಡಲಾಗಿದೆ.

ಹಣದ ತೂಕ

1,00,000 ಡಾಲರ್ ನೂರರ ನೋಟಿನಲ್ಲಿ, 18,000 ಇಪ್ಪತ್ತರ ನೋಟಿನಲ್ಲಿ: 1,000 ಮತ್ತು 900, ಒಟ್ಟು 1,900 ನೋಟು. ನೋಟೊಂದು ಸುಮಾರು 1 ಗ್ರಾಂ, ದಪ್ಪ ಸುಮಾರು 0.11 ಮಿ.ಮೀ. ಅಂದರೆ 1.9 ಕೆ.ಜಿ., ಪೇರಿಸಿದರೆ ಸುಮಾರು 21 ಸೆಂ.ಮೀ. ಎತ್ತರ. ಪತ್ರ ಹೇಳುವ ಕಂದು ಕಾಗದದ ಚೀಲಕ್ಕೆ ಇದು ಆರಾಮವಾಗಿ ಹಿಡಿಯುತ್ತದೆ. ಎಲ್ಲವನ್ನೂ ಇಪ್ಪತ್ತರಲ್ಲೇ ಕೇಳಿದ್ದರೆ 5,900 ನೋಟು, ಸುಮಾರು 6 ಕೆ.ಜಿ. ಹಾಗಾಗಿ ಹಣ ಒಪ್ಪಿಸುವ ಕೆಲಸ ‘ಸುಸ್ತು ಮಾಡುತ್ತದೆ’ ಎಂಬ ಎಚ್ಚರಿಕೆಗೆ ಹಣದ ಭಾರ ಕಾರಣವಾಗಲಾರದು.

‘ನಾಳೆ’

ಬಾಕಿ ಉಳಿದ ಗಂಟು ಇದು. ‘ನಾಳೆ ಬೆಳಿಗ್ಗೆ 8ರಿಂದ 10ರೊಳಗೆ ಕರೆ ಮಾಡುತ್ತೇನೆ.’ ಯಾವ ನಾಳೆ? ಪೊಲೀಸರು 26ರಂದೇ ಆ ಹೊತ್ತು ಕಾದರು, ಕರೆ ಬರಲಿಲ್ಲ. ಪತ್ರದ ಕ್ರಮವನ್ನು ಕಾಗದದ ಮೇಲೆ ಇಟ್ಟು ನೋಡಿ: ಬ್ಯಾಂಕಿಗೆ ಹೋಗು, ಮನೆಗೆ ಬಾ, ಹಣ ಚೀಲಕ್ಕೆ ಹಾಕು, ಕರೆ ಬರುತ್ತದೆ, ವಿಶ್ರಾಂತಿ ಪಡೆದಿರು, ಬೇಗ ಹಣ ತಂದರೆ ಬೇಗ ಕರೆ. 26 ಎಂದು ಇಟ್ಟುಕೊಂಡರೆ ಬೆಳಗ್ಗೆ ಎಂಟಕ್ಕೆ ಮುಂಚೆ ಬ್ಯಾಂಕಿನ ಕೆಲಸ ಮುಗಿಯಬೇಕು. ವಿಶ್ರಾಂತಿಗೂ ‘ಬೇಗ’ಕ್ಕೂ ಜಾಗವೇ ಇಲ್ಲ. 27 ಎಂದರೆ ಗುರುವಾರ ಇಡೀ ದಿನ ಬ್ಯಾಂಕಿಗೆ, ರಾತ್ರಿ ನಿದ್ದೆಗೆ, ಎಲ್ಲವೂ ಕೂಡಿಬರುತ್ತದೆ. ಎದುರು ವಾದವೂ ಗಟ್ಟಿಯೇ: 25ರ ರಾತ್ರಿ ಕೂತು ಬರೆದವರಿಗೆ ‘ನಾಳೆ’ ಅಂದರೆ 26. ಬರೆಯುವವರ ಗಡಿಯಾರ, ಓದುವವರ ಗಡಿಯಾರ ಎಂದು ಎರಡು ಕಾಲಂ ಮಾಡಿ ಪ್ರತಿ ಕ್ರಿಯಾಪದವನ್ನೂ ಹೊಂದಿಸಲಾಗುತ್ತಿದೆ. ಸದ್ಯ 27ರ ಕಡೆಗೇ ವಾಲಿದೆ.

ಪತ್ರದ ಕೊನೆಯಲ್ಲಿ ಸಹಿಯ ಜಾಗದಲ್ಲಿರುವ ‘ಎಸ್.ಬಿ.ಟಿ.ಸಿ’ ಬಗ್ಗೆ ದಾಖಲಿಸಿದ್ದು ಒಂದೇ: ಮೊದಲ ಮೂರು ಅಕ್ಷರಕ್ಕೆ ಚುಕ್ಕಿ ಇದೆ, ನಾಲ್ಕನೆಯದಕ್ಕಿಲ್ಲ. ನಾಲ್ಕು ಅಕ್ಷರಕ್ಕೆ ಯಾವ ವಿಸ್ತರಣೆಯನ್ನಾದರೂ ಹೊಂದಿಸಬಹುದು, ಸುಳ್ಳೆಂದು ತೋರಿಸುವ ದಾರಿಯಿಲ್ಲ. ಅದಕ್ಕೆ ಸಮಯ ಕೊಡುತ್ತಿಲ್ಲ.

ಮುಂದಿನ ಸುತ್ತು ಅಭ್ಯಾಸದ ಹಾಳೆ. ಪತ್ರದ ಕಾಗದ ಆ ಮನೆಯದೇ ಪ್ಯಾಡಿನದು. ಅದೇ ಪ್ಯಾಡಿನಲ್ಲಿ ‘ಮಿಸ್ಟರ್ ಆ್ಯಂಡ್ ಮಿಸೆಸ್’ ಎಂದು ಶುರುವಾಗಿ, ಒಂದು ನೇರ ಗೀಟಿಗೆ ನಿಂತ ಬರಹವಿದೆ. ಆ ಗೀಟನ್ನು ‘ಐ’ ಎಂದು ಓದುವವರಿದ್ದಾರೆ, ‘ಆರ್’ ಅಕ್ಷರದ ಮೊದಲ ಎಳೆತ ಎನ್ನುವವರಿದ್ದಾರೆ. ಪತ್ರದಲ್ಲಿರುವ ಎಲ್ಲ ದೊಡ್ಡ ‘ಐ’ ಮತ್ತು ‘ಆರ್’ಗಳನ್ನು ಕತ್ತರಿಸಿ, ಗೆರೆಯ ಅಂತರವನ್ನೇ ಅಳತೆಯಾಗಿ ಇಟ್ಟುಕೊಂಡು, ಅದರ ಪಕ್ಕ ಜೋಡಿಸಬೇಕು.