ಕಲ್ಲಿದ್ದಲ ಹೋಲ್ಡಿನಿಂದ ವಿಳಿಂಜಂವರೆಗೆ

2020ರ ಆಗಸ್ಟ್ ಕೊನೆಗೆ ನಮ್ಮ ಬಲ್ಕ್ ಹಡಗು ದಕ್ಷಿಣ ಕೊರಿಯಾದ ಪೊಹಾಂಗ್‌ನಲ್ಲಿ ಕಲ್ಲಿದ್ದಲು ಇಳಿಸಿ ಹೊರಟಿತು. ಸಿಂಗಪುರದಲ್ಲಿ ಎಣ್ಣೆ ತುಂಬಿಸಿಕೊಂಡು, ಸೂಯೆಜ್ ದಾಟಿ, ಗೋಧಿಗೆಂದು ಕಪ್ಪು ಸಮುದ್ರಕ್ಕೆ ಹೋಗುವ ಪ್ರಯಾಣ. ನಾನು ಸೆಕೆಂಡ್ ಆಫೀಸರ್. ಹಗಲೂ ರಾತ್ರಿಯೂ ಹನ್ನೆರಡರಿಂದ ನಾಲ್ಕು ನನ್ನ ವಾಚ್, ಅಂದರೆ ಕಾವಲು ಪಾಳಿ; ಬಿಡುವಾದಾಗ ಕ್ಯಾಮೆರಾ. ಮೊದಲೆಲ್ಲ ಸೂರ್ಯಾಸ್ತ, ಡಾಲ್ಫಿನ್, ಬಂದರಿನ ದೀಪ ತೆಗೆಯುತ್ತಿದ್ದೆ. ಆ ವರ್ಷ ಪತ್ರಿಕೆಗಳಲ್ಲಿ ಲಂಗರು ಹಾಕಿ ನಿಂತ ಹಡಗುಗಳ ಚಿತ್ರ ಬರುತ್ತಿತ್ತು. ಒಳಗಿರುವವರ ಮುಖ ಕಾಣುತ್ತಿದ್ದುದು ಅಪರೂಪ. ಹಾಗಾಗಿ ಜೊತೆಗಿದ್ದವರನ್ನೇ ತೆಗೆಯತೊಡಗಿದೆ. ಕ್ಯಾಪ್ಟನ್ ಒಪ್ಪಿದರು.

ಗೋಧಿ ತುಂಬಬೇಕಾದರೆ ಹಡಗಿನ ಸರಕು ಕೋಣೆಯಾದ ಹೋಲ್ಡ್‌ನಲ್ಲಿ ಕಲ್ಲಿದ್ದಲಿನ ಚೂರೂ ಉಳಿಯಬಾರದು. ಸರ್ವೇಯರ್ ಕೆಳಗಿಳಿದು ಗೋಡೆಗೆ ಕೈ ಉಜ್ಜಿ ನೋಡುತ್ತಾರೆ. ಕೈ ಕಪ್ಪಾಯಿತೋ, ಮತ್ತೆ ತೊಳೆಯಬೇಕು. ದಕ್ಷಿಣ ಚೀನಾ ಸಮುದ್ರದ ಉದ್ದಕ್ಕೂ ಅದೇ ಕೆಲಸ. ಏಳು ಹೋಲ್ಡ್, ಒಂದೊಂದೂ ಐದಾರು ಮಹಡಿಯಷ್ಟು ಆಳ. ಮೊದಲು ಪೊರಕೆ, ಸಲಿಕೆ, ಬಕೆಟ್. ಆಮೇಲೆ ರಭಸದ ಸಮುದ್ರದ ನೀರು. ಉಪ್ಪು ಉಳಿಯದಂತೆ ಕೊನೆಗೆ ಸಿಹಿನೀರು. ಎಸಿ ಕ್ಯಾಬಿನ್‌ನಿಂದ ಹೊರಬಂದ ಕೂಡಲೇ ಲೆನ್ಸ್ ಮೇಲೆ ನೀರ ಪಸೆ ಕೂರುತ್ತದೆಂದು ಕ್ಯಾಮೆರಾವನ್ನು ಡೆಕ್ ಸ್ಟೋರಿನಲ್ಲೇ ಇಡುತ್ತಿದ್ದೆ. ಹೋಲ್ಡಿನ ಮೇಲಿನ ಮುಚ್ಚಳ, ಹ್ಯಾಚ್, ತೆರೆದಷ್ಟೇ ಅಗಲಕ್ಕೆ ಬಿಸಿಲು ಕೆಳಗಿಳಿಯುತ್ತಿತ್ತು. ಕಪ್ಪು ಗೋಡೆ, ಕಪ್ಪು ನೀರು, ಕಪ್ಪಾದ ಬಾಯ್ಲರ್ ಸೂಟ್; ಬಿಳಿಯೆಂದರೆ ಕಣ್ಣು, ಹಲ್ಲು. ಅಷ್ಟು ಚೆಂದದ ಬೆಳಕನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಆ ಬೆಳಕಿನಲ್ಲಿ ನಿಂತಿದ್ದ ಹಲವರ ಕಾಂಟ್ರಾಕ್ಟ್ ಯಾವತ್ತೋ ಮುಗಿದಿತ್ತು.

ಹಡಗಿನಲ್ಲಿ ಯಾರಿಗೂ ಕೊರೊನಾ ಇರಲಿಲ್ಲ. ನಮ್ಮ ಕಷ್ಟ ಬೇರೆ. 2006ರ ಸಾಗರ ಕಾರ್ಮಿಕ ಒಪ್ಪಂದದ ಪ್ರಕಾರ ಒಬ್ಬರನ್ನು ಹನ್ನೆರಡು ತಿಂಗಳು ಎಡೆಬಿಡದೆ ಹಡಗಿನಲ್ಲಿ ಇರಿಸಿಕೊಳ್ಳುವಂತಿಲ್ಲ. ವಿಮಾನಗಳು ನಿಂತು, ದೇಶಗಳು ಬಾಗಿಲು ಹಾಕಿಕೊಂಡಾಗ ಆ ಮಿತಿ ಕಾಗದದಲ್ಲೇ ಉಳಿಯಿತು. ಫಿಲಿಪೀನ್ಸ್‌ನ ನಮ್ಮ ಬೋಸನ್, ಡೆಕ್ ಕೆಲಸಗಾರರ ಮುಖಂಡ, ಅದನ್ನು ದಾಟಿಯಾಗಿತ್ತು. ವರ್ಷದ ಕೊನೆಗೆ ಹೀಗೆ ಅವಧಿ ಮೀರಿ ದುಡಿಯುತ್ತಿದ್ದವರು ಸುಮಾರು 4 ಲಕ್ಷ ಎಂದು ಅಂತರರಾಷ್ಟ್ರೀಯ ಕಡಲ ಸಂಸ್ಥೆ ಅಂದಾಜಿಸಿತು. ಚೀನಾದ ಜಿಂಗ್‌ಟಾಂಗ್ ಬಂದರಿನ ಹೊರಗೆ ಆ ಜೂನ್‌ನಿಂದ ನಿಂತ ‘ಜಗ್ ಆನಂದ್’ ಹಡಗಿನಲ್ಲಿ 23 ಭಾರತೀಯರಿದ್ದರು. ಅವರು ನೆಲ ಮುಟ್ಟಿದ್ದು 2021ರ ಜನವರಿಯಲ್ಲಿ, ಜಪಾನಿನ ಚಿಬಾದಲ್ಲಿ. ಜಗತ್ತಿನ ಅಡುಗೆಮನೆ, ವಿದ್ಯುತ್ ಸ್ಥಾವರ ಎಲ್ಲ ನಡೆಯಲು ಇವರು ಬೇಕು, ಇವರ ಕಾಲು ಮಾತ್ರ ನೆಲಕ್ಕೆ ತಾಗಬಾರದು. ಇದು ಅನ್ಯಾಯವೆಂದು ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ.

ಸಿಂಗಪುರದಲ್ಲಿ ಹಡಗಿಗೆ ದಾರಿ ತೋರುವ ಪೈಲಟ್ ಮೈತುಂಬ ಬಿಳಿ ಕವಚ ತೊಟ್ಟು ಬಂದರು. ಅವರು ಇಳಿದ ಮೇಲೆ ರೇಡಿಯೊ, ಕುರ್ಚಿ, ಹಿಡಿಕೆ ಎಲ್ಲವನ್ನೂ ಒರೆಸಿದೆವು. ತರಕಾರಿ ಪೆಟ್ಟಿಗೆಗಳನ್ನು ಔಷಧಿ ಸಿಂಪಡಿಸಿ ಡೆಕ್ ಮೇಲೆಯೇ ಬಿಟ್ಟೆವು. ಮೊಬೈಲ್ ಸಿಗ್ನಲ್ ಸಿಕ್ಕಿದ್ದೇ ತಡ, ಎಲ್ಲರೂ ರೇಲಿಂಗ್ ಬಳಿ ಸಾಲಾಗಿ ನಿಂತರು. ಯಾರದೋ ಮಗುವಿನ ಅಳು, ಯಾರದೋ ಹೆಂಡತಿಯ ಬೈಗುಳ, ಎಲ್ಲ ಒಟ್ಟಿಗೇ ಕೇಳುತ್ತಿತ್ತು. ಅವರ ಬೆನ್ನುಗಳನ್ನು ತೆಗೆದೆ. ಆ ಹೊತ್ತಿಗೆ ಮುಖ ಅವರವರ ಮನೆಯವರದು.

ಇಂಜಿನ್ ರೂಮಿನಲ್ಲಿ ಆಯಿಲರ್ ಆಗಿದ್ದ ರತ್ನಾಗಿರಿಯ ಹುಡುಗನ ಅಪ್ಪ ಜುಲೈನಲ್ಲಿ ತೀರಿಕೊಂಡಿದ್ದರು. ಮಲಕ್ಕಾ ಜಲಸಂಧಿಯಲ್ಲಿದ್ದಾಗ ಒಂದು ಸಂಜೆ ಗಡ್ಡ ಹೆರೆದು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನನ್ನ ಕ್ಯಾಬಿನ್ನಿಗೆ ಬಂದ. “ಸೆಕೆಂಡ್ ಸಾಬ್, ಒಂದು ಒಳ್ಳೆ ಫೋಟೊ ತೆಗೆದುಕೊಡಿ. ಸರಿಯಾಗಿ ಊಟ ಮಾಡ್ತಿದೀನಿ ಅಂದ್ರೆ ಅಮ್ಮ ನಂಬ್ತಿಲ್ಲ.” ಮೆಸ್ಸಿನ ಕಿಟಕಿ ಪಕ್ಕ ಕೂರಿಸಿದೆ. ಕುಕ್ ತಾನಾಗಿ ಅವನ ಮುಂದೆ ತಟ್ಟೆ ತುಂಬ ಅನ್ನ, ಕೋಳಿ ಸಾರು ತಂದಿಟ್ಟ. ಆ ಚಿತ್ರದಲ್ಲಿ ಅವನು ನಿಜಕ್ಕೂ ನಗುತ್ತಿದ್ದಾನೆ.

ಶ್ರೀಲಂಕಾದ ದಕ್ಷಿಣ ತುದಿ ದಾಟಿದ ಮೇಲೆ ನೈರುತ್ಯದ ಅಲೆಗೆ ಖಾಲಿ ಹಡಗು ಹೊರಳಾಡಿತು. ಕೇರಳದ ವಿಳಿಂಜಂ, ಸೂಯೆಜ್‌ಗೆ ಹೋಗುವ ಹಡಗು ಮಾರ್ಗದಿಂದ ಸುಮಾರು 10 ನಾಟಿಕಲ್ ಮೈಲಿ ಅಷ್ಟೇ. ಆ ಜುಲೈನಿಂದ ಅಲ್ಲಿ ಸಿಬ್ಬಂದಿ ಬದಲಾವಣೆ ಶುರುವಾಗಿತ್ತು. ಲಾಂಚ್ ದೋಣಿ ಬಂತು, ಹೊಸಬರು ಮಾಸ್ಕ್ ತೊಟ್ಟು ಏಣಿ ಹತ್ತಿದರು. ಹಡಗು ನಡೆಸುವ ಕೋಣೆಯಾದ ಬ್ರಿಡ್ಜ್‌ನ ಎರಡು ಮೂಲೆಗಳಲ್ಲಿ ನಿಂತು ನಾನೂ ನನ್ನ ರಿಲೀವರೂ ಚಾರ್ಜ್ ಹಸ್ತಾಂತರಿಸಿಕೊಂಡೆವು. ಭಾರತೀಯರಷ್ಟೇ ಇಳಿದೆವು. ಫಿಲಿಪೀನ್ಸ್‌ನವರಿಗೆ ವಿಮಾನವಿಲ್ಲ.

ಹೊರಡುವ ಮುಂಚೆ ಚಿತ್ರಗಳನ್ನೆಲ್ಲ ಮೆಸ್ಸಿನ ಕಂಪ್ಯೂಟರಿಗೆ ಹಾಕಿದೆ, ಬೇಕಾದ್ದನ್ನು ಆರಿಸಿಕೊಳ್ಳಲಿ ಎಂದು. ಬೋಸನ್‌ಗೂ ಒಂದು ಶುಭ್ರ ಅಂಗಿಯ ಚಿತ್ರ ತೆಗೆದಿದ್ದೆ. ಅದನ್ನು ಅವರು ಬಿಟ್ಟರು. ನಾಲ್ಕನೇ ಹೋಲ್ಡಿನ ತಳದಲ್ಲಿ, ಹಣೆಯಿಂದ ಬೂಟಿನವರೆಗೆ ಕಲ್ಲಿದ್ದಲಾಗಿ, ಹೋಸ್ ಹೆಗಲ ಮೇಲೆ ಹೊತ್ತು ನಿಂತದ್ದನ್ನು ಆರಿಸಿದರು. ಕಾಲೇಜು ಓದುವ ಮಗಳಿಗೆ ಕಳಿಸಲು. “ಅಪ್ಪ ಏನು ಕೆಲಸ ಮಾಡ್ತಾನೆ ಅಂತ ಅವಳು ನೋಡಲಿ” ಎಂದರು. ಅವರು ಮನೆ ಸೇರಿದ್ದು ಡಿಸೆಂಬರ್‌ನಲ್ಲಿ.