ಮುಟ್ಟುವ ಮೊದಲು ಕೇಳಿದವರು

“ಇದು ಬಿಸಿ ಆಗಿತ್ತಾ?”

ಉಡುಪಿ ಸರ್ವಿಸ್ ಬಸ್‌ಸ್ಟ್ಯಾಂಡ್ ಹತ್ತಿರದ ಸಣ್ಣ ರಿಪೇರಿ ಅಂಗಡಿ. ಅಪ್ಪನ ಟಾರ್ಚನ್ನು ಮೇಜಿನ ಮೇಲಿಟ್ಟಾಗ ಅಲ್ಲಿನ ಹಿರಿಯರು ಮೊದಲು ಕೇಳಿದ್ದು ಇದನ್ನೇ. ಟಾರ್ಚನ್ನು ಅವರು ಇನ್ನೂ ಮುಟ್ಟಿರಲಿಲ್ಲ. ಇಲ್ಲ ಅಂದೆ. “ಚಾರ್ಜಿಗೆ ಹಾಕಿದಾಗ? ಎಂತಾದ್ರೂ ವಾಸನೆ?” ಅದೂ ಇಲ್ಲ, ಸೆಲ್ ಒಳಗೆ ಸಿಕ್ಕಿಕೊಂಡಿದೆ, ಹೊರಗೆ ಬರುತ್ತಿಲ್ಲ ಅಷ್ಟೇ ಅಂದೆ. ಆಮೇಲೆಯೇ ಅವರು ಅದನ್ನು ಕೈಗೆ ತೆಗೆದುಕೊಂಡದ್ದು.

ಈ ವಾರವಿಡೀ ನನ್ನ ತಲೆಯಲ್ಲಿ ಇದೇ ಮಾತು. ಯಾಕಂದ್ರೆ ಅಲ್ಲಿಗೆ ಹೋಗುವ ಮೊದಲು ಆ ಟಾರ್ಚನ್ನು ನೋಡಿದವರೆಲ್ಲ ಉಪಾಯ ಹೇಳಿದ್ದರು. ಕೇಳಿದವರು ಯಾರೂ ಇಲ್ಲ.

ಪಕ್ಕದ ಮನೆಯವರು ಗ್ಯಾರೇಜಿನಲ್ಲಿ ದುಡಿದವರು. ಬಹಳ ಒಳ್ಳೆಯ ಮನುಷ್ಯ. ಮಳೆಗೆ ಕರೆಂಟು ಹೋದರೆ ಅಪ್ಪನನ್ನು ಬಂದು ನೋಡಿ ಹೋಗುತ್ತಾರೆ. “ಸ್ವಲ್ಪ ಬಿಸಿ ಮಾಡಿದ್ರೆ ಆಯ್ತು ಮಾರಾಯ್ರೆ, ಕೊಳವೆ ಹಿಗ್ತದೆ” ಅಂದರು. ಸಿಕ್ಕಿಕೊಂಡ ಬೇರಿಂಗ್ ತೆಗೆಯಲು ಅದು ಸರಿಯಾದ ದಾರಿ. ಟಾರ್ಚಿನ ಅಲ್ಯೂಮಿನಿಯಂ ಕೊಳವೆ ಬಿಸಿಗೆ ಸೆಲ್ಲಿನ ಉಕ್ಕಿನ ಮೈಗಿಂತ ಜಾಸ್ತಿ ಹಿಗ್ಗುತ್ತದೆ, ನಿಜ. ಆದರೆ ಇಲ್ಲಿ ಒಳಗಿರುವುದು ಲಿಥಿಯಂ ಅಯಾನ್ ಸೆಲ್, ಮೊಬೈಲಿನಲ್ಲಿರುವಂಥ ಚಾರ್ಜ್ ಮಾಡುವ ಬ್ಯಾಟರಿ. ಒಂದು ಮಟ್ಟ ದಾಟಿ ಕಾದರೆ ಹೊರಗಿನ ಬಿಸಿ ನಿಲ್ಲಿಸಿದರೂ ಅದು ಒಳಗೊಳಗೇ ಕಾಯುತ್ತಾ ಹೋಗುತ್ತದೆ. ಆಮೇಲೆ ಹೊಗೆ, ಬೆಂಕಿ. ಮೊಬೈಲ್ ಅಂಗಡಿಯ ಹುಡುಗ ನೋಡಿದ ಕೂಡಲೇ ಸ್ಕ್ರೂಡ್ರೈವರ್ ಎತ್ತಿಕೊಂಡ. ನಾನು ಟಾರ್ಚ್ ಕೊಡಲಿಲ್ಲ. “ಹಾಗಾದ್ರೆ ಬಿಸಾಡಿ ಅಕ್ಕ, ಹೊಸದು ತಗೊಳ್ಳಿ” ಅಂದ. ಬೆಂಗಳೂರಿನಲ್ಲಿರುವ ಅಣ್ಣನಂತೂ ಫೋನ್ ಇಡುವ ಮೊದಲೇ ಹೊಸ ಟಾರ್ಚ್ ಆರ್ಡರ್ ಮಾಡಿದ್ದ. ಅವನಿಗೆ ಅಪ್ಪನ ಮೇಲೆ ಪ್ರೀತಿ ತುಂಬ. ತಾಳ್ಮೆ ಕಡಿಮೆ.

ರಿಪೇರಿಯವರ ಕೆಲಸ ಹೇಳುತ್ತೇನೆ. ಮೊದಲು ಮೇಜಿನ ಮೇಲಿದ್ದ ಕಬ್ಬಿಣದ ಸಾಮಾನನ್ನೆಲ್ಲ ಬದಿಗೆ ಸರಿಸಿದರು. ಹಿಂದಿನ ಮುಚ್ಚಳ ಬಿಚ್ಚಿ, ವೋಲ್ಟ್ ಅಳೆಯುವ ಮೀಟರಿನ ಒಂದು ಕಡ್ಡಿಯನ್ನು ಒಳಕ್ಕೆ ಇಳಿಸಿ ಸೆಲ್ಲಿನ ಅಡಿಗೆ ಮುಟ್ಟಿಸಿ ನೋಡಿದರು. ಸೆಲ್ಲಿನ ಇನ್ನೊಂದು ತುದಿ ಸಿಗದೆ ಏನೂ ತೋರಿಸಲಿಲ್ಲ. ಮುಂದಿನ ತಲೆಭಾಗ ಗಮ್ ಹಾಕಿದ ಹಾಗೆ ಗಟ್ಟಿಯಾಗಿತ್ತು. ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿ, ಹಿಡಿತ ಸಿಕ್ಕಿದ ಮೇಲೆ ನಿಧಾನಕ್ಕೆ ತಿರುಗಿಸಿದರು. ಈಗ ಕೊಳವೆ ಎರಡೂ ಕಡೆ ತೆರೆಯಿತು. ಮತ್ತೆ ಮೀಟರ್ ಹಿಡಿದರು. 3.4 ವೋಲ್ಟ್. “ಫುಲ್ ಆದ್ರೆ 4.2. ಇದ್ರಲ್ಲಿ ಇನ್ನೂ ಜೀವ ಉಂಟು ಅಮ್ಮ, ಜಾಗ್ರತೆ ಬೇಕು” ಅಂದರು.

ಸ್ಕ್ರೂಡ್ರೈವರ್ ಯಾಕೆ ಬೇಡ ಅಂತ ಆಗ ತೋರಿಸಿದರು. ಈ ಸೆಲ್ಲನ್ನು 18650 ಅಂತ ಕರೆಯುತ್ತಾರೆ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಮೇಲಿನ ಮೂತಿ ಮಾತ್ರ ಪ್ಲಸ್. ಉಳಿದ ಮೈಯೆಲ್ಲ, ಮೂತಿಯ ಪಕ್ಕದ ಅಂಚಿನ ತನಕ, ಮೈನಸ್. ಅವೆರಡರ ನಡುವೆ ಇರುವುದು ಕರೆಂಟು ಹರಿಯದ ಸಣ್ಣದೊಂದು ಬಳೆ ಮತ್ತು ತೆಳ್ಳಗಿನ ಪ್ಲಾಸ್ಟಿಕ್ ಸಿಪ್ಪೆ. ಆ ಸಿಪ್ಪೆ ಹರಿದ ಜಾಗಕ್ಕೆ ಲೋಹದ ತುದಿ ಹೋಗಿ ಎರಡನ್ನೂ ಒಟ್ಟಿಗೆ ಮುಟ್ಟಿದರೆ ಅಲ್ಲೇ ಶಾರ್ಟ್. ನಮ್ಮ ಸೆಲ್ಲಿನ ಸಿಪ್ಪೆ ಹರಿದೇ ಇತ್ತು. ಹರಿದ ತುಂಡು ಮಡಚಿ ಕೊಳವೆಗೂ ಸೆಲ್ಲಿಗೂ ನಡುವೆ ಸೇರಿಕೊಂಡು ಬಿಗಿ ಹಿಡಿದಿತ್ತು.

ಬಿದಿರಿನ ಕೋಲೊಂದನ್ನು ಕೊಳವೆಯ ಅಳತೆಗೆ ಕೆತ್ತಿದರು. ಮಡಚಿದ ಬಟ್ಟೆಯ ಮೇಲೆ ಕೊಳವೆಯನ್ನು ಹಿಡಿದು, ಸೆಲ್ಲಿನ ಚಪ್ಪಟೆ ಅಡಿಯ ಕಡೆಯಿಂದ ಒತ್ತಿದರು. ಗ್ಯಾಸ್ ಹೊರಗೆ ಹೋಗುವ ದಾರಿ ಮೂತಿಯ ಕಡೆ ಇರುತ್ತದಂತೆ, ಅದನ್ನು ಜಜ್ಜಬಾರದಂತೆ. ಸುತ್ತಿಗೆ ಇಲ್ಲ, ಬಲ ಇಲ್ಲ. ಒತ್ತುವುದು, ಸ್ವಲ್ಪ ತಿರುಗಿಸುವುದು, ಮತ್ತೆ ಒತ್ತುವುದು. ನಡುವೆ ಕೈಯಿಟ್ಟು ಬಿಸಿ ನೋಡುವುದು. ಕೊನೆಗೆ ಸೆಲ್ ಜಾರಿ ಬಂತು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಕೂತಲ್ಲಿಂದ ಎದ್ದೇ ಬಿಟ್ಟೆ.

ಆ ಸೆಲ್ಲನ್ನು ಮತ್ತೆ ಹಾಕಬೇಡಿ ಅಂದರು. ಎರಡೂ ತುದಿಗೆ ಟೇಪ್ ಅಂಟಿಸಿದರು. ಕಸದ ಗಾಡಿಗೆ ಕೊಟ್ಟರೆ ಅಲ್ಲಿ ಜಜ್ಜಿ ಹೋಗಿ ಬೆಂಕಿ ಹತ್ತಬಹುದು. ಹಳೆಯ ಬ್ಯಾಟರಿಗಳನ್ನು ವಾಪಸ್ ಪಡೆಯುವ ಹೊಣೆ ತಯಾರಿಸುವ ಕಂಪನಿಗಳದ್ದೇ ಅಂತ 2022ರ ಬ್ಯಾಟರಿ ತ್ಯಾಜ್ಯ ನಿಯಮ ಹೇಳುತ್ತದೆ. ಆದರೆ ಹಳ್ಳಿಯ ಮನೆಯಿಂದ ಒಂದು ಸೆಲ್ ಅಲ್ಲಿಯವರೆಗೆ ತಲುಪುವ ದಾರಿ ಇನ್ನೂ ಸುಲಭವಾಗಿಲ್ಲ. ಅವರ ಅಂಗಡಿಯ ಮೂಲೆಯಲ್ಲಿ ಇಂಥವಕ್ಕೆಂದೇ ಮರಳು ತುಂಬಿದ ಡಬ್ಬ ಇತ್ತು. ನಮ್ಮದನ್ನೂ ಅಲ್ಲಿಟ್ಟರು.

ಹೊಸ ಸೆಲ್ ತೆಗೆಯುವ ಮುಂಚೆ ಇನ್ನೊಂದು ಪ್ರಶ್ನೆ: “ಇದು ಯಾರ ಕೈಗೆ?” ಅಪ್ಪನಿಗೆ, ಎಪ್ಪತ್ತು ದಾಟಿದೆ, ರಾತ್ರಿ ದನದ ಹಟ್ಟಿಗೆ ಹೋಗಲು ಅಂದೆ. ಹೊಸ ಸೆಲ್ ಹಾಕಿ ಕೊಳವೆಯನ್ನು ತಲೆಕೆಳಗೆ ಮಾಡಿದರು. ಅದು ತಾನಾಗಿ ಅವರ ಅಂಗೈಗೆ ಬಿತ್ತು. “ಹೀಗೆ ಬೀಳ್ಬೇಕು. ಅವ್ರು ಕಷ್ಟಪಟ್ಟು ಎಳೀಲಿಕ್ಕೆ ಇರಬಾರ್ದು” ಅಂದರು.

ಮನೆಗೆ ವಾಪಸ್ ಬರುವ ಬಸ್ಸಿನಲ್ಲಿ ಕಟಪಾಡಿ ದಾಟುವ ತನಕ ಇದನ್ನೇ ಯೋಚಿಸಿದೆ. ಅಪ್ಪನ ವಿಷಯದಲ್ಲಿ ನಮ್ಮ ನೆಂಟರಿಷ್ಟರೆಲ್ಲ ಉಪಾಯ ಹೇಳುವವರೇ. ದನ ಮಾರಿ. ಮನೆಗೆ ಬೀಗ ಹಾಕಿ. ಬೆಂಗಳೂರಿಗೆ ಹೋಗಿ ಆರಾಮಾಗಿರಿ. ಎಲ್ಲ ಒಳ್ಳೆಯ ಮನಸ್ಸಿನಿಂದಲೇ, ಅದರಲ್ಲಿ ನನಗೆ ಸಂಶಯ ಇಲ್ಲ. ಆದರೆ ರಾತ್ರಿ ಎದ್ದು ಆ ಮಳೆಯಲ್ಲಿ ಯಾಕೆ ಹೋಗುತ್ತೀರಿ ಅಂತ ಅಪ್ಪನನ್ನು ಒಬ್ಬರಾದರೂ ಕೇಳಿದ್ದಾರಾ? ಅಮ್ಮ ಹೋದ ಮೇಲೆ ಅವರಿಗೆ ನಿದ್ದೆ ಕಡಿಮೆ. ಹಟ್ಟಿಯಲ್ಲಿ ದನದ ಪಕ್ಕ ಸ್ವಲ್ಪ ಹೊತ್ತು ನಿಂತು ಬಂದರೆ ಆಮೇಲೆ ಮಲಗುತ್ತಾರೆ. ಅಣ್ಣ ಕಳಿಸಿದ ಟಾರ್ಚಿಗೆ ಬೆಳಕು ಜಾಸ್ತಿ. ಆದರೆ ಅದರ ಬಟನ್ ಪಕ್ಕದಲ್ಲಿದೆ, ಒಮ್ಮೆ ಒತ್ತಿದರೆ ಮಿಣುಕುತ್ತದೆ, ಇನ್ನೊಮ್ಮೆ ಒತ್ತಿದರೆ ಮಂಕಾಗುತ್ತದೆ. ಒಂದು ಕೈಯಲ್ಲಿ ಕೊಡೆ ಹಿಡಿದವರಿಗೆ ಹಳೆಯದರ ಹಿಂಬದಿಯ ಗುಂಡಿಯೇ ಸುಲಭ. ಪಾಚಿ ಕಟ್ಟಿದ ಕೆಂಪುಕಲ್ಲಿನ ಮೆಟ್ಟಿಲು, ಬದಿಯಲ್ಲಿ ಕೊಳಕುಮಂಡಲದ ಭಯ. ಅಲ್ಲಿ ಬಟನ್ ಹುಡುಕುತ್ತಾ ನಿಲ್ಲಲಿಕ್ಕಾಗುತ್ತದಾ?

ಅಣ್ಣ ಶನಿವಾರ ಊರಿಗೆ ಬರುತ್ತಾನಂತೆ. ದನ ಮಾರುವ ಮಾತು ಎತ್ತುವ ಮೊದಲು ಒಂದು ರಾತ್ರಿ ಅಪ್ಪನ ಜೊತೆ ಹಟ್ಟಿಗೆ ಹೋಗಿ ಬಾ ಅಂತ ಹೇಳಿದ್ದೇನೆ. ಆಯ್ತು ಅಂದಿದ್ದಾನೆ.