ಖಿನ್ನತೆ, ಅಮೆರಿಕದ ಕೆಲಸ ಮತ್ತು ಡಿಸೆಬಿಲಿಟಿ ಅರ್ಜಿ: ರಾಜೀನಾಮೆಗೆ ಮೊದಲು ತಿಳಿದಿರಬೇಕಾದದ್ದು

ವರ್ಷಗಟ್ಟಲೆ ಖಿನ್ನತೆಯ ಮಾತ್ರೆ ನುಂಗುತ್ತ, ಹೇಗೋ ಕೆಲಸಕ್ಕೆ ಹೋಗುತ್ತಿರುವ ಮಗನೋ ಮಗಳೋ ಅಮೆರಿಕದಲ್ಲಿದ್ದರೆ ಊರಿನವರು ಫೋನಿನಲ್ಲಿ ಹೇಳುವ ಮಾತು ಸಾಮಾನ್ಯವಾಗಿ ಒಂದೇ: ‘ಬಿಟ್ಟಾಕು ಆ ಕೆಲಸ, ಮನೆಗೆ ಬಾ.’ ಕಾಳಜಿಯ ಮಾತೇ ಸರಿ. ಆದರೆ ಅಲ್ಲಿನ ವ್ಯವಸ್ಥೆಯಲ್ಲಿ ರಜೆಯ ರಕ್ಷಣೆ, ಸಂಬಳದ ವಿಮೆ (ದುಡಿಯಲಾಗದಾಗ ಸಂಬಳದ ಒಂದು ಪಾಲು ಕೊಡುವ ಡಿಸೆಬಿಲಿಟಿ ವಿಮೆ), ಆಸ್ಪತ್ರೆಯ ವಿಮೆ ಎಲ್ಲವೂ ನೌಕರಿಗೆ ಅಂಟಿಕೊಂಡಿವೆ. ರಾಜೀನಾಮೆ ಕೊಟ್ಟ ಮೇಲೆ ಹುಟ್ಟಿದ ಅಸಾಮರ್ಥ್ಯಕ್ಕೆ ಕಂಪನಿಯ ವಿಮೆ ಹಣ ಕೊಡುವುದಿಲ್ಲ. ಹಾಗಾಗಿ ಅರ್ಜಿ ಹಾಕಬೇಕಾದದ್ದು ನೌಕರಿ ಇನ್ನೂ ಕೈಯಲ್ಲಿರುವಾಗಲೇ.

ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಮಾನಸಿಕ ಕಾಯಿಲೆಗೂ ಶೇಕಡಾವಾರು ಲೆಕ್ಕದ ಪ್ರಮಾಣಪತ್ರ ಸಿಗುತ್ತದೆ, ಶೇ 40 ದಾಟಿದರೆ ಸೌಲಭ್ಯಗಳು ತೆರೆದುಕೊಳ್ಳುತ್ತವೆ. ಅದೇ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಅಮೆರಿಕದ ಸೋಷಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ ಕೊಡುವ ಇಲಾಖೆ) ಕಚೇರಿಗೆ ಹೋದರೆ ಗೊಂದಲವಾಗುತ್ತದೆ. ಅಲ್ಲಿ ಅರ್ಧ ಅಸಾಮರ್ಥ್ಯ ಎಂಬುದಿಲ್ಲ. ಇದೆ ಅಥವಾ ಇಲ್ಲ, ಅಷ್ಟೇ. ‘ಮೇಜರ್ ಡಿಪ್ರೆಸಿವ್ ಡಿಸಾರ್ಡರ್’ ಎಂದು ವೈದ್ಯರು ಬರೆದ ಮಾತ್ರಕ್ಕೆ ಅಲ್ಲಿ ಯಾರೂ ಹಣ ಕೊಡುವುದಿಲ್ಲ. ಆ ಕಾಯಿಲೆಯಿಂದ ಕೆಲಸದ ಯಾವ ಭಾಗ ಮಾಡಲಾಗುತ್ತಿಲ್ಲ, ಎಷ್ಟು ಹೊತ್ತು, ವಾರಕ್ಕೆ ಎಷ್ಟು ಸಲ ಎಂಬುದೇ ಮುಖ್ಯ. ಇದು ಮೊದಲ ಫಾರ್ಮಿನಿಂದ ಕೊನೆಯ ಮೇಲ್ಮನವಿಯವರೆಗೂ ಅನ್ವಯ.

ಮೊದಲು ರಜೆ. ಎಫ್‌ಎಂಎಲ್‌ಎ ಎಂಬ ಫೆಡರಲ್ ಕಾನೂನು 12 ತಿಂಗಳಲ್ಲಿ 12 ವಾರಗಳ ರಜೆಗೆ ರಕ್ಷಣೆ ಕೊಡುತ್ತದೆ. ಸಂಬಳ ಕೊಡುವುದಿಲ್ಲ, ಕುರ್ಚಿ ಉಳಿಸುತ್ತದೆ, ಆರೋಗ್ಯ ವಿಮೆಯನ್ನು ಹಿಂದಿನ ಷರತ್ತುಗಳಲ್ಲೇ ಮುಂದುವರಿಸುತ್ತದೆ. ಅದೇ ಕಂಪನಿಯಲ್ಲಿ 12 ತಿಂಗಳು ಆಗಿರಬೇಕು, ಹಿಂದಿನ 12 ತಿಂಗಳಲ್ಲಿ 1,250 ಗಂಟೆ ದುಡಿದಿರಬೇಕು, 75 ಮೈಲಿ ವ್ಯಾಪ್ತಿಯಲ್ಲಿ ಕಂಪನಿಗೆ 50 ನೌಕರರಿರಬೇಕು. ಹಳೆಯ ಖಿನ್ನತೆಗೆ ಹೆಚ್ಚು ಉಪಯೋಗಕ್ಕೆ ಬರುವುದು ಇದರ ಬಿಡಿಬಿಡಿ ರಜೆ: 12 ವಾರಗಳನ್ನು ಒಟ್ಟಿಗೇ ತೆಗೆದುಕೊಳ್ಳಬೇಕಿಲ್ಲ. ವಾರಕ್ಕೊಂದು ಮಧ್ಯಾಹ್ನ ಥೆರಪಿಗೆ, ಹಾಸಿಗೆಯಿಂದ ಏಳಲಾಗದ ದಿನಗಳಿಗೆ ತಿಂಗಳಿಗೆ ಮೂರೋ ನಾಲ್ಕೋ ದಿನ ಎಂದು ವೈದ್ಯರು ಬರೆದುಕೊಡಬಹುದು. ಎಷ್ಟು ಸಲ, ಎಷ್ಟು ಹೊತ್ತು ಎಂಬ ಎರಡು ಅಂಕಿಗಳನ್ನು ಖಾಲಿ ಬಿಟ್ಟ ಫಾರ್ಮನ್ನೇ ಎಚ್‌ಆರ್ (ಕಂಪನಿಯ ಸಿಬ್ಬಂದಿ ವಿಭಾಗ) ಸಾಮಾನ್ಯವಾಗಿ ವಾಪಸ್ ಕಳಿಸುವುದು. ಕಂಪನಿ ಫಾರ್ಮ್ ಕೇಳಿದ ಮೇಲೆ ತುಂಬಿ ಕೊಡಲು ಕನಿಷ್ಠ 15 ದಿನ ಅವಕಾಶ ಇರುತ್ತದೆ. ಸೈಕಿಯಾಟ್ರಿಸ್ಟ್ ಅಪಾಯಿಂಟ್‌ಮೆಂಟ್ ಸಿಗುವುದು ಅದಕ್ಕಿಂತ ತಡವಾದರೆ ಎಚ್‌ಆರ್‌ಗೆ ಬರವಣಿಗೆಯಲ್ಲಿ ತಿಳಿಸಿ ಹೆಚ್ಚಿನ ಸಮಯ ಕೇಳಬೇಕು.

ಊರಿಗೂ ಇದಕ್ಕೂ ಒಂದು ನೇರ ಕೊಂಡಿಯಿದೆ. ರಜೆಯಲ್ಲಿ ಕರ್ನಾಟಕಕ್ಕೆ ಬಂದಾಗ ಖಿನ್ನತೆ ತೀವ್ರವಾಗಿ, ಇಲ್ಲಿಯೇ ನಿಮ್ಹಾನ್ಸ್‌ನಲ್ಲೋ ಮೈಸೂರು, ಹುಬ್ಬಳ್ಳಿಯ ಮನೋವೈದ್ಯರಲ್ಲೋ ಚಿಕಿತ್ಸೆ ಪಡೆದರೆ, ಆ ವೈದ್ಯರ ಪ್ರಮಾಣಪತ್ರವನ್ನು ಕಂಪನಿ ಎಫ್‌ಎಂಎಲ್‌ಎ ರಜೆಗೆ ಒಪ್ಪಿಕೊಳ್ಳಲೇಬೇಕು. ಇಂಗ್ಲಿಷಿನಲ್ಲಿ ಇಲ್ಲದಿದ್ದರೆ ಅನುವಾದ ಕೇಳಬಹುದು. ಆದರೆ ಡಿಸೆಬಿಲಿಟಿ ವಿಮೆಯ ಕತೆ ಬೇರೆ. ಅಮೆರಿಕದ ಹೊರಗಿದ್ದಷ್ಟು ದಿನ ಹಣ ಕೊಡುವುದಿಲ್ಲ, ಅಥವಾ ಇಂತಿಷ್ಟು ವಾರ ಮಾತ್ರ ಕೊಡುತ್ತೇವೆ ಎಂಬ ಷರತ್ತು ಅನೇಕ ಪಾಲಿಸಿಗಳಲ್ಲಿದೆ. ಟಿಕೆಟ್ ಬುಕ್ ಮಾಡುವ ಮೊದಲು ಪಾಲಿಸಿಯ ಪೂರ್ತಿ ಪ್ರತಿಯನ್ನು ತರಿಸಿಕೊಂಡು ಓದಬೇಕು. ಎಚ್‌ಆರ್ ಕೊಡುವ ಎರಡು ಪುಟದ ಸಾರಾಂಶದಲ್ಲಿ ಇಂಥವು ಇರುವುದಿಲ್ಲ.

‘ಮ್ಯಾನೇಜರ್‌ಗೆ ಗೊತ್ತಾಗಿಬಿಟ್ಟರೆ?’ ಎಂಬ ಭಯವೇ ಅನೇಕರನ್ನು ತಡೆಯುತ್ತದೆ. ನೇರ ಮೇಲಧಿಕಾರಿ ನಿಮ್ಮ ವೈದ್ಯರನ್ನು ಯಾವ ಕಾರಣಕ್ಕೂ ಸಂಪರ್ಕಿಸುವಂತಿಲ್ಲ. ವೈದ್ಯಕೀಯ ಕಾಗದಗಳು ಸಿಬ್ಬಂದಿ ಕಡತದಿಂದ ಬೇರೆ, ಗೋಪ್ಯವಾಗಿ ಇರಬೇಕು. ಮ್ಯಾನೇಜರ್‌ಗೆ ‘ಮೆಡಿಕಲ್ ಲೀವ್, ಎಚ್‌ಆರ್ ನೋಡಿಕೊಳ್ಳುತ್ತಿದೆ’ ಎಂದರೆ ಸಾಕು. ಅದಕ್ಕಿಂತ ಹೆಚ್ಚು ಹೇಳಬೇಕೋ ಬೇಡವೋ ಎಂಬುದು ನಿಮ್ಮ ಇಷ್ಟ. ಬೇಡ ಎಂಬುದೇ ನಮ್ಮ ಸಲಹೆ.

ರಜೆ ಬೇಡ, ಸ್ವಲ್ಪ ಹೊಂದಾಣಿಕೆ ಸಿಕ್ಕರೆ ಕೆಲಸ ಮಾಡಬಲ್ಲೆ ಎನ್ನುವವರಿಗೆ ಅಸಾಮರ್ಥ್ಯದ ಕಾರಣಕ್ಕೆ ತಾರತಮ್ಯ ತಡೆಯುವ ಎಡಿಎ ಕಾನೂನಿದೆ. 15 ಅಥವಾ ಹೆಚ್ಚು ನೌಕರರಿರುವ ಕಂಪನಿಗಳಿಗೆ ಅನ್ವಯ. ಮಾತ್ರೆಯ ಮಂಪರು ಇಳಿಯುವವರೆಗೆ ತಡವಾಗಿ ಲಾಗಿನ್, ರಾತ್ರಿಯ ಆನ್‌ಕಾಲ್‌ನಿಂದ ವಿನಾಯಿತಿ, ಬಾಯಿಮಾತಿನ ಬದಲು ಬರಹದಲ್ಲಿ ಸೂಚನೆ, ಇಂಥವನ್ನು ಕೇಳಬಹುದು. ಕಳಪೆ ರೇಟಿಂಗ್ ಬಂದು ಸುಧಾರಣಾ ಯೋಜನೆಗೆ ಹಾಕುವ ಮೊದಲೇ ಕೇಳುವುದು ಒಳ್ಳೆಯದು. ಆಗಿಹೋದ ತಪ್ಪುಗಳನ್ನು ಕಂಪನಿ ಮನ್ನಿಸಬೇಕೆಂದು ಈ ಕಾನೂನು ಹೇಳುವುದಿಲ್ಲ.

ಇನ್ನು ಹಣ. ಕಂಪನಿಯ ಅಲ್ಪಾವಧಿ ಡಿಸೆಬಿಲಿಟಿ ವಿಮೆ ಸಾಮಾನ್ಯವಾಗಿ ಒಂದು ಅಥವಾ ಎರಡು ವಾರ ಕಾಯಿಸಿ, ಸಂಬಳದ ಶೇ 60ರಷ್ಟನ್ನು 13 ಅಥವಾ 26 ವಾರಗಳವರೆಗೆ ಕೊಡುತ್ತದೆ. ಕ್ಯಾಲಿಫೋರ್ನಿಯ, ನ್ಯೂಯಾರ್ಕ್, ನ್ಯೂಜೆರ್ಸಿಯಂಥ ಕೆಲವು ರಾಜ್ಯಗಳಲ್ಲಿ ರಾಜ್ಯದ್ದೇ ಯೋಜನೆಯಿದೆ. ಕ್ಯಾಲಿಫೋರ್ನಿಯದಲ್ಲಿ 7 ದಿನ ಕಾಯಬೇಕು, ನಂತರ ಗರಿಷ್ಠ 52 ವಾರ. 2025ರಿಂದ ಸಂಬಳದ ಶೇ 70ರಿಂದ 90ರಷ್ಟು ಸಿಗುತ್ತದೆ, ಆದರೆ ವಾರದ ಮೊತ್ತಕ್ಕೆ ಮೇಲ್ಮಿತಿಯಿದೆ. ಅಸಾಮರ್ಥ್ಯ ಶುರುವಾದ 9 ದಿನಗಳ ನಂತರ, 49 ದಿನಗಳ ಒಳಗೆ ಅರ್ಜಿ ಹೋಗಬೇಕು. ಖಿನ್ನತೆಯಲ್ಲಿ ಒಂದು ಲಕೋಟೆ ತೆರೆಯುವುದೂ ಬೆಟ್ಟ ಹತ್ತಿದಂತೆ. ಈ ಗಡುವುಗಳು ತಪ್ಪುವುದು ಅದಕ್ಕೇ. ಗಂಡ, ಹೆಂಡತಿ, ರೂಮ್‌ಮೇಟ್ ಯಾರಾದರೂ ಒಬ್ಬರು ಕ್ಯಾಲೆಂಡರ್ ಹಿಡಿದುಕೊಳ್ಳಬೇಕು.

ಖಾಸಗಿ ವಿಮೆಗೆ ಮೂರು ಹೇಳಿಕೆಗಳು ಸೇರಬೇಕು: ನೌಕರರದ್ದು, ಕಂಪನಿಯದ್ದು, ವೈದ್ಯರದ್ದು. ಹೆಚ್ಚಿನ ಕ್ಲೇಮುಗಳು ಬೀಳುವುದು ಮೂರನೆಯದರಲ್ಲಿ. ‘ಖಿನ್ನತೆಯಿದೆ, ಕೆಲಸ ಮಾಡಲಾರರು’ ಎಂಬ ಒಂದು ಸಾಲಿಗೆ ಬೆಲೆಯಿಲ್ಲ. ‘20 ನಿಮಿಷಕ್ಕಿಂತ ಹೆಚ್ಚು ಗಮನವಿಟ್ಟು ಓದಲಾಗುತ್ತಿಲ್ಲ, ಸೂಚನೆಯನ್ನು ಎರಡು-ಮೂರು ಸಲ ಹೇಳಿಸಿಕೊಳ್ಳಬೇಕು, ವಾರದಲ್ಲಿ ಎರಡು ದಿನ ಮಧ್ಯಾಹ್ನದವರೆಗೂ ಏಳಲಾಗುವುದಿಲ್ಲ, ಈ ಭೇಟಿಯಲ್ಲಿ ಮಾತು ನಿಧಾನ, ಉತ್ತರಕ್ಕೆ ತಡ’ ಎಂದು ಬರೆದರೆ ಬೆಲೆಯಿದೆ, ಅದು ನಿಜವೂ ಆಗಿದ್ದರೆ. ಪ್ರತಿ ಭೇಟಿಯಲ್ಲೂ ಪಿಎಚ್‌ಕ್ಯೂ-9 (ಖಿನ್ನತೆಯ ತೀವ್ರತೆ ಅಳೆಯುವ ಪ್ರಶ್ನಾವಳಿ) ಅಂಕ ದಾಖಲಾಗಲಿ. 27ಕ್ಕೆ 20 ಅಥವಾ ಹೆಚ್ಚು ಎಂದರೆ ತೀವ್ರ. ಕುಟುಂಬ ವೈದ್ಯರೊಬ್ಬರೇ ಮಾತ್ರೆ ಬರೆಯುತ್ತಿದ್ದರೆ ವಿಮೆಯವರು ಕೇಳುವ ಮೊದಲ ಪ್ರಶ್ನೆ: ಇಷ್ಟು ತೀವ್ರವಾಗಿದ್ದರೆ ಮನೋವೈದ್ಯರ ಬಳಿ ಏಕೆ ಹೋಗಿಲ್ಲ?

ನಮ್ಮವರಲ್ಲಿ ಇನ್ನೊಂದು ಅಭ್ಯಾಸವಿದೆ. ಡಾಕ್ಟರು ‘ಹೇಗಿದ್ದೀರಿ’ ಎಂದರೆ ‘ಪರವಾಗಿಲ್ಲ ಡಾಕ್ಟ್ರೇ’ ಎನ್ನುವುದು. ಅದು ಕಡತದಲ್ಲಿ ‘ರೋಗಿ ಸುಧಾರಿಸಿದ್ದಾರೆ, ಸ್ಥಿರ’ ಎಂದಾಗುತ್ತದೆ. ಆರು ತಿಂಗಳ ನಂತರ ತಿರಸ್ಕಾರದ ಪತ್ರದಲ್ಲಿ ಅದೇ ಸಾಲು ಕಾಣಿಸುತ್ತದೆ. ಸಾಯುವ ಯೋಚನೆ ಬರುತ್ತಿದ್ದರೆ ಗ್ರೀನ್ ಕಾರ್ಡ್‌ಗೆ ತೊಂದರೆಯಾದೀತೆಂದು ಮುಚ್ಚಿಡುವವರೂ ಇದ್ದಾರೆ. ವಲಸೆಯ ವೈದ್ಯಕೀಯ ತಪಾಸಣೆಯಲ್ಲಿ ನೋಡುವುದು ಮಾನಸಿಕ ಕಾಯಿಲೆಯ ಜೊತೆಗೆ ತನಗೋ ಇತರರಿಗೋ ಅಪಾಯ ಮಾಡುವ ವರ್ತನೆ ಇದೆಯೇ, ಮತ್ತೆ ಆಗುವ ಸಂಭವವಿದೆಯೇ ಎಂಬುದನ್ನು. ಖಿನ್ನತೆ ಇದೆ ಎಂಬುದೊಂದೇ ಅನರ್ಹತೆಯಲ್ಲ. ಸಾಯುವ ಯೋಚನೆ ಬಂದಾಗ ಕರೆ ಮಾಡಬಹುದಾದ ಸಹಾಯವಾಣಿ ಅಮೆರಿಕದಲ್ಲಿ 988, ಇಲ್ಲಿ ಟೆಲಿ-ಮಾನಸ್‌ನ 14416, ಎರಡೂ ದಿನದ 24 ಗಂಟೆ ಇವೆ.

ವಿಮೆಯವರು ಒಪ್ಪಿದರೂ ಸಾಮಾನ್ಯವಾಗಿ ಕೆಲವೇ ವಾರಗಳಿಗೆ ಒಪ್ಪುತ್ತಾರೆ, ಮತ್ತೆ ಹೊಸ ದಾಖಲೆ ಕೇಳುತ್ತಾರೆ. ವೈದ್ಯರ ಕಚೇರಿಯ ಫ್ಯಾಕ್ಸ್ ತಲುಪದಿದ್ದರೆ ಹಣ ನಿಲ್ಲುತ್ತದೆ; ಕಳಿಸಿದ್ದಾರೆಂದು ನಂಬಿ ಕೂರದೆ ವಿಮೆಯವರಿಗೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ತಿರಸ್ಕರಿಸಿದರೆ ಹೆಚ್ಚಿನ ಕಂಪನಿ ಪಾಲಿಸಿಗಳಿಗೆ ಎರಿಸಾ (ನೌಕರರ ಸೌಲಭ್ಯಗಳ ಫೆಡರಲ್ ಕಾನೂನು) ಅಡಿ ಮೇಲ್ಮನವಿ ಸಲ್ಲಿಸಲು 180 ದಿನಗಳಿವೆ. ಸಿಟ್ಟಿನಲ್ಲಿ ಮರುದಿನವೇ ಒಂದು ಪುಟದ ಪತ್ರ ಕಳಿಸಬೇಡಿ. ಮುಂದೆ ಕೋರ್ಟಿಗೆ ಹೋದರೆ ನ್ಯಾಯಾಧೀಶರು ಸಾಮಾನ್ಯವಾಗಿ ನೋಡುವುದು ಈ ಹಂತದವರೆಗೆ ಸೇರಿದ ಕಡತವನ್ನು ಮಾತ್ರ. ಆದ್ದರಿಂದ ವೈದ್ಯರ ವಿವರ ಪತ್ರ, ಥೆರಪಿ ಟಿಪ್ಪಣಿ, ಸಹೋದ್ಯೋಗಿಯ ಹೇಳಿಕೆ ಎಲ್ಲವೂ ಈ 180 ದಿನಗಳಲ್ಲೇ ಒಳಗೆ ಹೋಗಬೇಕು.

ನಂತರ ಬರುವ ದೀರ್ಘಾವಧಿ ವಿಮೆಯಲ್ಲಿ ಒಂದು ಕೊಕ್ಕೆಯಿದೆ: ಮಾನಸಿಕ ಕಾಯಿಲೆಗಳಿಗೆ ಬಹುತೇಕ ಪಾಲಿಸಿಗಳು ಒಟ್ಟು 24 ತಿಂಗಳಷ್ಟೇ ಕೊಡುತ್ತವೆ. ಮೇಲಾಗಿ ಸೋಷಿಯಲ್ ಸೆಕ್ಯುರಿಟಿಗೆ ಅರ್ಜಿ ಹಾಕಲೇಬೇಕೆಂದು ಒತ್ತಾಯಿಸುತ್ತವೆ. ಅಲ್ಲಿಂದ ಹಿಂಬಾಕಿ ಬಂದಾಗ ತಾವು ಹೆಚ್ಚು ಕೊಟ್ಟದ್ದನ್ನು ವಾಪಸ್ ಕೇಳುತ್ತವೆ. ಆ ಹಿಂಬಾಕಿಯನ್ನು ಮನೆ ಸಾಲಕ್ಕೆ ಕಟ್ಟಿಬಿಟ್ಟರೆ ಸಿಕ್ಕಿಹಾಕಿಕೊಳ್ಳುತ್ತೀರಿ.

ಈಗ ಸೋಷಿಯಲ್ ಸೆಕ್ಯುರಿಟಿ ಕೊಡುವ ಆ ಸರ್ಕಾರಿ ಅಸಾಮರ್ಥ್ಯ ಪಿಂಚಣಿ, ಎಸ್‌ಎಸ್‌ಡಿಐ. ‘ಕೆಲಸದಲ್ಲಿ ಇರುವಾಗ ಹಾಕಬಹುದೇ?’ ಎಂಬ ಪ್ರಶ್ನೆಗೆ ಉತ್ತರ ಸಂಬಳದ ಮೊತ್ತದಲ್ಲಿದೆ. 2026ರಲ್ಲಿ ತೆರಿಗೆಗೆ ಮೊದಲಿನ ದುಡಿಮೆ ತಿಂಗಳಿಗೆ 1,690 ಡಾಲರ್ ದಾಟಿದರೆ ಮೊದಲ ಮೆಟ್ಟಿಲಲ್ಲೇ ತಿರಸ್ಕಾರ. ವೈದ್ಯಕೀಯ ದಾಖಲೆಗಳ ತನಕ ವಿಷಯ ಹೋಗುವುದೇ ಇಲ್ಲ. ಗಂಟೆಗೆ 20 ಡಾಲರಿನವರಿಗೆ ಇದು ತಿಂಗಳಿಗೆ ಸುಮಾರು 84 ಗಂಟೆ. ಗಂಟೆಗೆ 60 ಡಾಲರಿನ ಸಾಫ್ಟ್‌ವೇರ್‌ನವರಿಗೆ ಬರೀ 28. ಅರ್ಧ ದಿನದ ಕೆಲಸಕ್ಕೆ ಇಳಿದರೂ ಮಿತಿ ದಾಟುತ್ತದೆ. ಆದರೆ ನೌಕರರ ಪಟ್ಟಿಯಲ್ಲಿ ಹೆಸರಿದ್ದು ರಜೆಯಲ್ಲಿದ್ದರೆ ತೊಂದರೆಯಿಲ್ಲ. ಡಿಸೆಬಿಲಿಟಿ ವಿಮೆಯ ಹಣ, ರಜೆಯ ಸಂಬಳ ದುಡಿಮೆಯಲ್ಲವಾದ್ದರಿಂದ ಈ ಲೆಕ್ಕಕ್ಕೆ ಸೇರುವುದಿಲ್ಲ. ದುಡಿಯುತ್ತಿರುವವರೂ ಕೆಲಸ ಮಾಡಲು ಬೇಕೇ ಬೇಕಾದ ಔಷಧಿಗೆ ಕೈಯಿಂದ ಕೊಟ್ಟದ್ದನ್ನು ಕಳೆಯಬಹುದು. ಇತರರ ಅರ್ಧದಷ್ಟು ಕೆಲಸಕ್ಕೆ ಪೂರ್ತಿ ಸಂಬಳ ಕೊಟ್ಟು ಕಂಪನಿ ಇಟ್ಟುಕೊಂಡಿದ್ದರೆ, ಹಾಗೆಂದು ಕಂಪನಿ ಬರೆದುಕೊಟ್ಟಾಗ ಆ ಹೆಚ್ಚುವರಿಯೂ ಕಳೆಯುತ್ತದೆ.

ದುಡಿದು ಗಳಿಸಿದ ಕ್ರೆಡಿಟ್‌ಗಳೂ ಬೇಕು, ವರ್ಷಕ್ಕೆ ಗರಿಷ್ಠ ನಾಲ್ಕು. 31ರಿಂದ 42 ವಯಸ್ಸಿನವರಿಗೆ ಕಳೆದ ಹತ್ತು ವರ್ಷಗಳಲ್ಲಿ 20. ಇಲ್ಲಿ ನಮ್ಮ ಎಂಎಸ್ ಹುಡುಗರು ಎಡವುತ್ತಾರೆ: ವಿದ್ಯಾರ್ಥಿಗಳ ಎಫ್-1 ವೀಸಾದಲ್ಲಿ ಸಾಮಾನ್ಯವಾಗಿ ಮೊದಲ ಐದು ವರ್ಷ ಸೋಷಿಯಲ್ ಸೆಕ್ಯುರಿಟಿ ತೆರಿಗೆ ಕಡಿತವಿಲ್ಲ, ಹಾಗಾಗಿ ಒಪಿಟಿಯಲ್ಲಿ (ಓದಿಗೆ ಸಂಬಂಧಿಸಿದ ತಾತ್ಕಾಲಿಕ ಕೆಲಸದ ಅನುಮತಿ) ದುಡಿದದ್ದಕ್ಕೆ ಕ್ರೆಡಿಟ್ಟೂ ಇಲ್ಲ. ಭಾರತದ ಜೊತೆ ಸೋಷಿಯಲ್ ಸೆಕ್ಯುರಿಟಿ ಒಪ್ಪಂದವಿಲ್ಲದ್ದರಿಂದ ಬೆಂಗಳೂರಿನ ಪಿಎಫ್ ವರ್ಷಗಳೂ ಸೇರುವುದಿಲ್ಲ. ನೌಕರಿಯ ವೀಸಾ ಎಚ್-1ಬಿಯಲ್ಲಿರುವವರಿಗೆ ಒಂದು ನೇರ ಮಾತು: ವರ್ಷವಿಡೀ ದುಡಿಯಲಾಗದು ಎಂದು ಸಾಧಿಸುವುದೂ ದುಡಿಮೆಯನ್ನೇ ನಂಬಿದ ವೀಸಾ ಉಳಿಸಿಕೊಳ್ಳುವುದೂ ಒಟ್ಟಿಗೆ ಆಗುವ ಕೆಲಸವಲ್ಲ. ಅವರಿಗೆ ನಿಜವಾಗಿ ಸಿಗುವುದು ಎಫ್‌ಎಂಎಲ್‌ಎ, ಅಲ್ಪಾವಧಿ ವಿಮೆ, ಎಡಿಎ. ಅನಾರೋಗ್ಯದ ರಜೆಯಲ್ಲಿ ಸಂಬಳ ಬರದಿದ್ದರೂ ನೌಕರಿಯ ಸಂಬಂಧ ಉಳಿದಿದ್ದರೆ ನಿಯಮ ಅದಕ್ಕೆ ಅವಕಾಶ ಕೊಡುತ್ತದೆ. ರಜೆ ಮಂಜೂರಾದ ಪತ್ರಗಳನ್ನು ಜೋಪಾನವಾಗಿಡಬೇಕು. ಕೆಲಸ ಹೋದರೆ ಅಮೆರಿಕದಲ್ಲಿ ಉಳಿಯಲು ಸಿಗುವುದು ಹೆಚ್ಚೆಂದರೆ 60 ದಿನ.

ಗ್ರೀನ್ ಕಾರ್ಡ್‌ನವರು, ನಾಗರಿಕರು ಎಸ್‌ಎಸ್‌ಡಿಐ ಅರ್ಜಿಯನ್ನು ಆನ್‌ಲೈನ್‌ನಲ್ಲೇ ಹಾಕಬಹುದು. ಖಿನ್ನತೆಯನ್ನು ಅಳೆಯುವುದು ಸೋಷಿಯಲ್ ಸೆಕ್ಯುರಿಟಿಯ ಕಾಯಿಲೆಗಳ ಪಟ್ಟಿಯಲ್ಲಿನ 12.04 ಎಂಬ ಕಲಮಿನಿಂದ. ಒಂಬತ್ತು ಲಕ್ಷಣಗಳಲ್ಲಿ ಐದು ದಾಖಲೆಯಲ್ಲಿರಬೇಕು. ಅದರ ಮೇಲೆ ಗ್ರಹಿಸಿ ನೆನಪಿಡುವುದು, ಜನರೊಂದಿಗೆ ವ್ಯವಹರಿಸುವುದು, ಗಮನವಿಟ್ಟು ವೇಗ ಕಾಯ್ದುಕೊಳ್ಳುವುದು, ಬದಲಾವಣೆಗೆ ಹೊಂದಿಕೊಂಡು ತನ್ನನ್ನು ತಾನು ನೋಡಿಕೊಳ್ಳುವುದು, ಈ ನಾಲ್ಕರಲ್ಲಿ ಎರಡರಲ್ಲಿ ಗಂಭೀರ ಅಥವಾ ಒಂದರಲ್ಲಿ ಅತಿ ಗಂಭೀರ ಕೊರತೆ ಬೇಕು. ಅಸಾಮರ್ಥ್ಯ 12 ತಿಂಗಳು ಇರಬೇಕು ಅಥವಾ ಇರುವ ನಿರೀಕ್ಷೆ ಬೇಕು. ದಿನಚರಿ ಕೇಳುವ 3373 ಸಂಖ್ಯೆಯ ಫಾರ್ಮಿನಲ್ಲಿ ‘ಅಡುಗೆ ಮಾಡುತ್ತೀರಾ’ ಎಂಬುದಕ್ಕೆ ‘ಹೌದು’ ಎಂದು ನಿಲ್ಲಿಸಬೇಡಿ. ವಾರಕ್ಕೆ ಎರಡು ಸಲ ಅನ್ನ ಇಟ್ಟು, ಉಳಿದ ದಿನ ಮೊಸರು ಬ್ರೆಡ್ಡಿನಲ್ಲಿ ಕಳೆಯುತ್ತಿದ್ದರೆ ಹಾಗೇ ಬರೆಯಿರಿ. ಹೆಚ್ಚಿಸಿಯೂ ಬರೆಯಬೇಡಿ, ಥೆರಪಿ ಟಿಪ್ಪಣಿಯಲ್ಲಿ ಕಳೆದ ತಿಂಗಳ ಟ್ರೆಕ್ಕಿಂಗ್ ದಾಖಲಾಗಿದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ.

ಮೊದಲ ತೀರ್ಮಾನಕ್ಕೇ ಆರರಿಂದ ಎಂಟು ತಿಂಗಳು ಹಿಡಿಯುತ್ತದೆ, ಮತ್ತು ಮೊದಲ ಸಲ ತಿರಸ್ಕಾರವಾಗುವುದೇ ಹೆಚ್ಚು. ಪ್ರತಿ ಹಂತದ ಮೇಲ್ಮನವಿಗೂ 60 ದಿನ: ಮೊದಲು ಮರುಪರಿಶೀಲನೆ, ಆಮೇಲೆ ಆಡಳಿತ ನ್ಯಾಯಾಧೀಶರ ಎದುರು ವಿಚಾರಣೆ. ಹೊಸದಾಗಿ ಅರ್ಜಿ ಹಾಕುವುದಕ್ಕಿಂತ ಮೇಲ್ಮನವಿ ಒಳ್ಳೆಯದು, ಮೊದಲ ಅರ್ಜಿಯ ತಾರೀಕು ಉಳಿಯುತ್ತದೆ. ವಕೀಲರು ಸಾಮಾನ್ಯವಾಗಿ ಗೆದ್ದರೆ ಮಾತ್ರ ಹಿಂಬಾಕಿಯ ಶೇ 25 ತೆಗೆದುಕೊಳ್ಳುತ್ತಾರೆ, ಅದಕ್ಕೂ ಸರ್ಕಾರದ ಮೇಲ್ಮಿತಿಯಿದೆ. ಮುಂಗಡ ಕೇಳುವವರಿಂದ ದೂರವಿರಿ. ಮಂಜೂರಾದರೂ ಅಸಾಮರ್ಥ್ಯದ ಮೊದಲ ಐದು ಪೂರ್ಣ ತಿಂಗಳಿಗೆ ಹಣವಿಲ್ಲ. ಮೆಡಿಕೇರ್ (ಸರ್ಕಾರಿ ಆರೋಗ್ಯ ವಿಮೆ) ಬರುವುದು ಪಿಂಚಣಿಗೆ ಅರ್ಹರಾಗಿ 24 ತಿಂಗಳ ನಂತರ. ಈ ನಡುವೆ ಕೆಲಸ ಹೋದರೆ ಕಂಪನಿಯ ಆರೋಗ್ಯ ವಿಮೆಯನ್ನು ಕೋಬ್ರಾ ಎಂಬ ಕಾನೂನಿನ ಮೂಲಕ 18 ತಿಂಗಳು ಉಳಿಸಿಕೊಳ್ಳಬಹುದು, ಪೂರ್ತಿ ಕಂತು ಮತ್ತು ಅದರ ಮೇಲೆ ಶೇ 2 ಕೈಯಿಂದ ಕಟ್ಟಿ. ಕೆಲಸ ಬಿಟ್ಟ ಹೊತ್ತಿಗೇ, ಅಥವಾ ಕೋಬ್ರಾದ ಮೊದಲ 60 ದಿನಗಳೊಳಗೆ, ಅಸಾಮರ್ಥ್ಯವಿತ್ತೆಂದು ಸೋಷಿಯಲ್ ಸೆಕ್ಯುರಿಟಿ ತೀರ್ಮಾನಿಸಿದರೆ ಅದು 29 ತಿಂಗಳಿಗೆ ಏರುತ್ತದೆ. ಆ ತೀರ್ಮಾನದ ಪತ್ರವನ್ನು 60 ದಿನಗಳೊಳಗೆ, 18 ತಿಂಗಳು ಮುಗಿಯುವ ಮೊದಲೇ, ವಿಮೆಯ ಆಡಳಿತದವರಿಗೆ ಕಳಿಸಿರಬೇಕು.